ರಿಪೋರ್ಟು ತಾನಾಗಿ ಮಾತಾಡುವುದಿಲ್ಲ

‘ರಿಪೋರ್ಟ್ ಸುಳ್ಳು ಹೇಳುತ್ತದೆಯೇ?’ ವೈದ್ಯರ ಕೋಣೆಯಲ್ಲಿ ಈ ಮಾತು ಬಂತೆಂದರೆ ಚರ್ಚೆ ಮುಗಿದಂತೆ. ಸಾಹಿತ್ಯ ಓದುವವರಾದರೂ ಇದನ್ನು ಇಷ್ಟು ಸುಲಭಕ್ಕೆ ಒಪ್ಪಬಾರದು. ಸಂದರ್ಭದಿಂದ ಕಿತ್ತು ಓದಿದ ಪಠ್ಯ ಏನನ್ನು ಬೇಕಾದರೂ ಹೇಳೀತು ಎಂದು ತರಗತಿಯಲ್ಲಿ ವರ್ಷಗಟ್ಟಲೆ ಕಲಿಯುವ ನಾವು, ಲ್ಯಾಬಿನಿಂದ ಬಂದ ಹಾಳೆಯ ಮುಂದೆ ಮಾತ್ರ ಕೈಕಟ್ಟಿ ನಿಲ್ಲುತ್ತೇವೆ. ಆ ಹಾಳೆಯೂ ಒಂದು ಪಠ್ಯ. ಅದನ್ನು ತಪ್ಪಾಗಿ ಓದಬಹುದು, ಓದುತ್ತಲೂ ಇದ್ದಾರೆ.

ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯ ಆಸ್ಪತ್ರೆಗಳಲ್ಲಿ 60 ಮಂದಿ ವೈದ್ಯರಿಗೂ ವೈದ್ಯ ವಿದ್ಯಾರ್ಥಿಗಳಿಗೂ ಒಂದು ಪ್ರಶ್ನೆ ಕೇಳಲಾಯಿತು. ಅದರ ಫಲಿತಾಂಶ ಪ್ರಕಟವಾದದ್ದು 1978ರಲ್ಲಿ. ಪ್ರಶ್ನೆ ಇದು: ಸಾವಿರಕ್ಕೆ ಒಬ್ಬರಿಗೆ ಇರುವ ಕಾಯಿಲೆ, ಅದರ ಪರೀಕ್ಷೆ ಕಾಯಿಲೆಯಿಲ್ಲದವರಲ್ಲೂ ಶೇ. 5 ಮಂದಿಗೆ ತಪ್ಪಾಗಿ ‘ಪಾಸಿಟಿವ್’ ತೋರಿಸುತ್ತದೆ. ಬೇರೇನೂ ಗೊತ್ತಿಲ್ಲದ ಒಬ್ಬರಿಗೆ ಪಾಸಿಟಿವ್ ಬಂದರೆ, ಕಾಯಿಲೆ ನಿಜವಾಗಿ ಇರುವ ಸಾಧ್ಯತೆ ಎಷ್ಟು? ಹೆಚ್ಚು ಮಂದಿ ಕೊಟ್ಟ ಉತ್ತರ ಶೇ. 95. ನೀವೇ ಲೆಕ್ಕ ಹಾಕಿ. ಸಾವಿರ ಜನರಲ್ಲಿ ಕಾಯಿಲೆಯವರು ಒಬ್ಬರು. ಉಳಿದ 999ರಲ್ಲಿ ಸುಮಾರು 50 ಮಂದಿಗೆ ಸುಳ್ಳು ಪಾಸಿಟಿವ್. ಒಟ್ಟು 51ರಲ್ಲಿ ನಿಜವಾದದ್ದು ಒಂದೇ, ಅಂದರೆ ಸುಮಾರು ಶೇ. 2. ಸರಿಯುತ್ತರ ಕೊಟ್ಟವರು 60ರಲ್ಲಿ 11. ಇದೇ ಪ್ರಶ್ನೆಯನ್ನು ಬಾಸ್ಟನ್ನಿನಲ್ಲಿ ಮತ್ತೆ ಕೇಳಿ 2014ರಲ್ಲಿ ಪ್ರಕಟಿಸಿದ ವರದಿಯಲ್ಲಿ 61ರಲ್ಲಿ 14. ಅಷ್ಟು ವರ್ಷಗಳಲ್ಲಿ ಯಂತ್ರಗಳು ಬದಲಾದವು, ಓದುವ ರೀತಿ ಬದಲಾಗಲಿಲ್ಲ.

ಇದು ದಡ್ಡತನವಲ್ಲ. ಮನಸ್ಸು ಮೊದಲು ಕಂಡ ಅಂಕಿಗೆ ಅಂಟಿಕೊಳ್ಳುತ್ತದೆ, ಇತ್ತೀಚೆಗೆ ನೋಡಿದ್ದನ್ನೇ ಎಲ್ಲೆಡೆ ಕಾಣುತ್ತದೆ, ಕಾಯಿಲೆ ಊರಲ್ಲಿ ಎಷ್ಟು ಜನರಿಗಿದೆ ಎಂಬ ಮೂಲ ಲೆಕ್ಕವನ್ನು ಮರೆಯುತ್ತದೆ. ಡೇನಿಯಲ್ ಕಾಹ್ನೆಮನ್ ಮತ್ತು ಏಮಸ್ ಟ್ವೆರ್ಸ್ಕಿ 1974ರಲ್ಲೇ ಇದನ್ನು ವಿವರಿಸಿದ್ದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುವ ನಮ್ಮ ಗಾದೆ ರೋಗಿಯ ಕಣ್ಣಿನ ಬಗ್ಗೆ ಮಾತ್ರ ಎಂದು ಯಾರು ಹೇಳಿದರು?

ಈಗ ನಮ್ಮೂರಿನ ಜ್ವರಕ್ಕೆ ಬನ್ನಿ. ಫ್ರಾನ್ಸಿನ ಫರ್ನಾಂಡ್ ವಿಡಾಲ್ 1896ರಲ್ಲಿ ರೂಪಿಸಿದ ಪರೀಕ್ಷೆ ಇಂದಿಗೂ ನಮ್ಮಲ್ಲಿ ಟೈಫಾಯ್ಡ್ ಬಗ್ಗೆ ತೀರ್ಪು ಕೊಡುತ್ತಿದೆ. ಅದು ಹುಡುಕುವುದು ರೋಗಾಣುವನ್ನಲ್ಲ, ದೇಹ ತಯಾರಿಸಿದ ಪ್ರತಿಕಾಯಗಳನ್ನು. ಟೈಫಾಯ್ಡ್ ಬೀಡುಬಿಟ್ಟಿರುವ ನೆಲದಲ್ಲಿ ಹಿಂದೆಂದೋ ತಗುಲಿದ ಸೋಂಕು, ಹಾಕಿಸಿಕೊಂಡ ಲಸಿಕೆ, ಬೇರೊಂದು ಜ್ವರ ಕೂಡ ಆ ಅಂಕಿಯನ್ನು ಏರಿಸಬಲ್ಲವು. ಸರಿಯಾಗಿ ನೋಡಬೇಕೆಂದರೆ ಕೆಲವು ದಿನಗಳ ಅಂತರದಲ್ಲಿ ಎರಡು ಸಲ ರಕ್ತ ತೆಗೆದು ಹೋಲಿಸಬೇಕು. ಖಚಿತವಾಗಬೇಕೆಂದರೆ ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ಬ್ಲಡ್ ಕಲ್ಚರ್ ಮಾಡಿಸಬೇಕು. ಸಾಮಾನ್ಯವಾಗಿ ನಡೆಯುವುದೇನು? ಒಂದೇ ಸಲದ ವಿಡಾಲ್, ‘ಟೈಫಾಯ್ಡ್ ಇದೆ’ ಎಂಬ ಮಾತು, ಕೈಗೆ ಔಷಧಿ ಚೀಟಿ.

ಇಲ್ಲಿಂದ ಮುಂದಿನದು ಇನ್ನೂ ಅಪಾಯದ್ದು. ಅದು ವೈರಲ್ ಜ್ವರವಾಗಿದ್ದರೆ ಐದಾರು ದಿನಕ್ಕೆ ತಾನೇ ಇಳಿಯುತ್ತದೆ. ರೋಗಿ ಕೈಮುಗಿಯುತ್ತಾರೆ, ವೈದ್ಯರ ನಂಬಿಕೆ ಗಟ್ಟಿಯಾಗುತ್ತದೆ. ಸ್ಕ್ರಬ್ ಟೈಫಸ್ಸೋ ಕ್ಷಯವೋ ಆಗಿದ್ದರೆ ಜ್ವರ ಇಳಿಯುವುದಿಲ್ಲ. ರೋಗಿ ಬೇರೆ ಊರಿನ ಆಸ್ಪತ್ರೆಗೆ ಹೋಗುತ್ತಾರೆ, ಮೊದಲಿನ ವೈದ್ಯರಿಗೆ ಆ ಸುದ್ದಿ ತಲುಪುವುದೇ ಇಲ್ಲ. ಎರಡೂ ಕಡೆ ಅವರು ಸರಿಯೇ! ತಪ್ಪು ಎಂದೂ ಬಯಲಾಗದ ವ್ಯವಸ್ಥೆಯಲ್ಲಿ ಅನುಭವ ಹೆಚ್ಚಿದಂತೆ ಬೆಳೆಯುವುದು ವಿವೇಕವಲ್ಲ, ಧೈರ್ಯ ಮಾತ್ರ. ಪಿಎಚ್‌ಡಿ ಮಾಡುವ ನಮ್ಮಂಥವರ ಅಧ್ಯಾಯಗಳಿಗೆ ಕೆಂಪು ಗೀಟು ಹಾಕಲು ಮಾರ್ಗದರ್ಶಕರಿದ್ದಾರೆ. ಒಂದು ಜ್ವರದ ನಿರ್ಣಯಕ್ಕೆ ಯಾರಿದ್ದಾರೆ?

‘ಯಾವುದಕ್ಕೂ ಇರಲಿ, ಎಲ್ಲ ಟೆಸ್ಟ್ ಮಾಡಿಸಿಬಿಡಿ’ ಎಂಬ ಸಲಹೆಯೂ ಇದಕ್ಕೆ ಮದ್ದಲ್ಲ. ಲ್ಯಾಬುಗಳು ಮುದ್ರಿಸುವ ‘ನಾರ್ಮಲ್’ ಮಿತಿಯೊಳಗೆ ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ಶೇ. 95 ಮಂದಿ ಮಾತ್ರ ಬರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಏನೂ ಕಾಯಿಲೆಯಿಲ್ಲದವರಿಗೂ ಒಂದಾದರೂ ದಪ್ಪಕ್ಷರದ ಅಂಕಿ ಬರುವ ಸಾಧ್ಯತೆ ಸುಮಾರು ಶೇ. 64. ಹಾಗೆ ಕಂಡದ್ದಕ್ಕೆಲ್ಲ ಚಿಕಿತ್ಸೆ ಕೊಡಹೊರಟರೆ ಏನಾಗುತ್ತದೆಂದು ದಕ್ಷಿಣ ಕೊರಿಯಾ ತೋರಿಸಿದೆ. ಯಾವ ತೊಂದರೆಯೂ ಇಲ್ಲದವರ ಕುತ್ತಿಗೆಗೂ ಸ್ಕ್ಯಾನ್ ಮಾಡಿದ್ದರಿಂದ, ಅಲ್ಲಿ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರಿನ ಪ್ರಮಾಣ 2011ರ ಹೊತ್ತಿಗೆ 1993ರ 15 ಪಟ್ಟಾಯಿತು. ಸಾವಿನ ಪ್ರಮಾಣ ಇದ್ದಲ್ಲೇ ಇತ್ತು. ಸಾವಿರಾರು ಜನ ಗ್ರಂಥಿ ತೆಗೆಸಿಕೊಂಡು ಜೀವನಪರ್ಯಂತ ಮಾತ್ರೆಗೆ ಬಿದ್ದರು.

‘ವೈದ್ಯರೂ ಮನುಷ್ಯರೇ, ದಿನಕ್ಕೆ ನೂರು ಜನರನ್ನು ನೋಡಬೇಕು’ ಎಂಬ ಸಮಾಧಾನವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಮನುಷ್ಯರೆಂಬ ಕಾರಣಕ್ಕೇ ಅವರ ಓದಿಗೆ ಊರುಗೋಲು ಬೇಕು. ಅದೇನೂ ದುಬಾರಿಯದಲ್ಲ. ಶೇಕಡಾವಾರು ಬಿಟ್ಟು ‘ಸಾವಿರದಲ್ಲಿ ಇಷ್ಟು ಜನ’ ಎಂದು ಹೇಳಿದರೆ ವೈದ್ಯರೇ ಹೆಚ್ಚು ಸರಿಯಾಗಿ ಉತ್ತರಿಸುತ್ತಾರೆಂದು ಜರ್ಮನಿಯ ಗೆರ್ಡ್ ಗಿಗರೆಂಜರ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಲ್ಯಾಬುಗಳು ಹಾಗೆ ಬರೆಯಲಿ. ವೈದ್ಯ ಕಾಲೇಜುಗಳು ಹಾಗೆ ಕಲಿಸಲಿ. ಬೇರೆ ಆಸ್ಪತ್ರೆಗೆ ಹೋದ ರೋಗಿಗೆ ಕೊನೆಗೆ ಏನಾಗಿತ್ತೆಂದು ಮೊದಲಿನ ವೈದ್ಯರಿಗೆ ತಿಳಿಸುವ ಪದ್ಧತಿ ಬರಲಿ.

ರಿಪೋರ್ಟನ್ನು ಹರಿದುಹಾಕಿ, ಔಷಧಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಎರಡು ಪ್ರಶ್ನೆ ಕೇಳಿ ಎನ್ನುತ್ತಿದ್ದೇನೆ: ‘ಡಾಕ್ಟ್ರೇ, ಈ ರಿಪೋರ್ಟ್ ಬರುವ ಮೊದಲು ನಿಮಗೆ ಏನನ್ನಿಸಿತ್ತು? ಇದಲ್ಲದಿದ್ದರೆ ಇನ್ನೇನಿರಬಹುದು?’ ಒಳ್ಳೆಯ ವೈದ್ಯರಿಗೆ ಇದರಿಂದ ಅವಮಾನವಾಗುವುದಿಲ್ಲ. ಅವರು ಹಾಳೆಯನ್ನು ಬದಿಗಿಟ್ಟು, ನಿಮ್ಮನ್ನು ಮತ್ತೊಮ್ಮೆ ಪರೀಕ್ಷಿಸುತ್ತಾರೆ.