ಬೆಳೆದದ್ದು ಯಾರ ಬಲದಿಂದ?

ಅಲ್ಪಸಂಖ್ಯಾತರ ಮತವೊಂದು ಎಲ್ಲಿಯೇ ಬೆಳೆಯಲಿ, ಅದರ ಹಿಂದೆ ಪರದೇಶದ ಹಣ, ಪರದೇಶದ ಪಾದ್ರಿ, ಪರದೇಶದ ಹುನ್ನಾರ ಇದ್ದೇ ಇರಬೇಕೆಂದು ಸಾಧಿಸುವವರು ನಮ್ಮ ನಡುವೆ ಬಹಳ. ಅಂಥವರು ದಕ್ಷಿಣ ಕೊರಿಯಾದ ಕ್ಯಾಥಲಿಕರ ಚರಿತ್ರೆಯನ್ನು ಒಮ್ಮೆ ಓದುವುದು ಒಳಿತು.

ಕೊರಿಯಾಕ್ಕೆ ಈ ಮತವನ್ನು ತಂದವರು ಪಾದ್ರಿಗಳಲ್ಲ. ಕನ್‌ಫ್ಯೂಷಿಯಸನ ಪರಂಪರೆಯಲ್ಲಿ ಪಳಗಿದ ಆ ನಾಡಿನ ವಿದ್ವಾಂಸರೇ. ಬೀಜಿಂಗಿಗೆ ಹೋಗಿಬರುತ್ತಿದ್ದ ರಾಜದೂತರು ತಂದ ಚೀನೀ ಪುಸ್ತಕಗಳನ್ನು ಅವರು ಓದಿದರು, ತಮ್ಮತಮ್ಮಲ್ಲಿ ಚರ್ಚಿಸಿದರು. 1784ರಲ್ಲಿ ಯಿ ಸುಂಗ್‌ಹುನ್ ಬೀಜಿಂಗಿನಲ್ಲಿ ದೀಕ್ಷಾಸ್ನಾನ ಪಡೆದು, ಮರಳಿ ಬಂದು ತನ್ನವರಿಗೆ ತಾನೇ ದೀಕ್ಷೆಯಿತ್ತನು. ದಶಕವೊಂದು ಕಳೆದ ಮೇಲೆ ಚೀನೀ ಪಾದ್ರಿಯೊಬ್ಬನು ಗುಟ್ಟಾಗಿ ಗಡಿ ದಾಟಿ ಬಂದಾಗ ಅಲ್ಲಿ ಆಗಲೇ ಸಾವಿರಾರು ಭಕ್ತರಿದ್ದರು. ಫ್ರೆಂಚ್ ಪಾದ್ರಿ ಕಾಲಿಟ್ಟದ್ದು 1836ರಲ್ಲಿ. ಹಾಗಾದರೆ ಆಮಿಷ ಒಡ್ಡಿದವರು ಯಾರು?

ಅವರಿಗೆ ದೊರೆತದ್ದು ಮರಣದಂಡನೆ. 1801, 1839, 1846, 1866ರ ದಮನಗಳಲ್ಲಿ ಸಹಸ್ರಾರು ಜನ ಸತ್ತರು. ಉಳಿದವರು ಬೆಟ್ಟಗಳನ್ನು ಸೇರಿ ಮಡಕೆ ಮಾಡಿ ಬದುಕಿದರು. ಪಂಡಿತರು ಹೀಗಳೆಯುತ್ತಿದ್ದ ಜನಸಾಮಾನ್ಯರ ಲಿಪಿಯಾದ ಹಂಗುಲ್‌ನಲ್ಲಿ ಧರ್ಮಬೋಧೆಯ ಪುಸ್ತಕ ಬರೆದ ಚೊಂಗ್ ಯಾಕ್‌ಜೊಂಗ್ 1801ರಲ್ಲಿ ತಲೆಯನ್ನೇ ತೆತ್ತನು. ಹೆಂಗಸರೂ ಬಡವರೂ ಓದಬಲ್ಲ ಮಾತಿನಲ್ಲಿ ಹೇಳಿದ್ದೇ ಈ ಮತದ ಮೊದಲ ಬಲ.

ಅದೇ ವರ್ಷ ಹ್ವಾಂಗ್ ಸಾಯೊಂಗ್ ಎಂಬ ಭಕ್ತನು ಪಾಶ್ಚಾತ್ಯ ಹಡಗುಗಳನ್ನೂ ಸೈನ್ಯವನ್ನೂ ಕಳಿಸಿರೆಂದು ರೇಷ್ಮೆಯ ಬಟ್ಟೆಯ ಮೇಲೆ ಪತ್ರ ಬರೆದನಲ್ಲ ಎಂದು ಆಕ್ಷೇಪಿಸುವವರುಂಟು. ಬರೆದದ್ದು ನಿಜ, ಅದು ಅಕ್ಷಮ್ಯವೂ ಹೌದು. ಆದರೆ ಕೊಲೆಗಳು ಮೊದಲಾದದ್ದು ಆ ಪತ್ರಕ್ಕೆ ಮುಂಚೆ ಎಂಬುದನ್ನು ಮರೆಯಲಾಗದು.

ಪರದೇಶದ ಹಿಡಿತ ಮತವನ್ನು ಬೆಳೆಸುತ್ತದೆಂಬುದೂ ಸುಳ್ಳು. 1909ರಲ್ಲಿ ಜಪಾನಿನ ಇಟೊ ಹಿರೊಬುಮಿಯನ್ನು ಕೊಂದ ಆನ್ ಜುಂಗ್‌ಗನ್ ಕ್ಯಾಥಲಿಕನೇ. ಅವನಿಗೆ ಅಂತಿಮ ಸಂಸ್ಕಾರ ನೀಡಲು ಪಾದ್ರಿಯನ್ನು ಕಳುಹಿಸಲು ಒಪ್ಪದಿದ್ದವರು ಫ್ರೆಂಚ್ ಬಿಷಪ್ ಮ್ಯೂಟೆಲ್. ದೇಶದ ನೋವಿಗೆ ಬೆನ್ನು ತಿರುಗಿಸಿದ ಆ ಚರ್ಚು ಜನರ ಮನಸ್ಸನ್ನು ಗೆಲ್ಲಬಲ್ಲುದೆ?

ಕಾಲ ತಿರುಗಿದ್ದು ಕೊರಿಯದವರೇ ಚುಕ್ಕಾಣಿ ಹಿಡಿದ ಮೇಲೆ. 1974ರಲ್ಲಿ ಬಿಷಪ್ ಜಿ ಹಾಕ್‌ಸೂನ್ ಸರ್ವಾಧಿಕಾರಿ ಪಾರ್ಕ್ ಚುಂಗ್ ಹೀಯ ಸೆರೆಮನೆ ಸೇರಿದರು. 1987ರ ಜೂನ್‌ನಲ್ಲಿ ಸೋಲ್ ನಗರದ ಮ್ಯೊಂಗ್‌ಡೊಂಗ್ ಇಗರ್ಜಿಯಲ್ಲಿ ಆಶ್ರಯ ಪಡೆದ ವಿದ್ಯಾರ್ಥಿಗಳನ್ನು ಹಿಡಿಯಬೇಕಾದರೆ ಮೊದಲು ತನ್ನನ್ನು ತುಳಿದುಹೋಗಬೇಕೆಂದು ಕಾರ್ಡಿನಲ್ ಕಿಮ್ ಸೂಹ್ವಾನ್ ಸರಕಾರಕ್ಕೆ ಎದುರುನಿಂತರು. 1985ರ ಜನಗಣತಿಯಲ್ಲಿ ಶೇ. 4.6ರಷ್ಟಿದ್ದ ಕ್ಯಾಥಲಿಕರು 2005ರ ವೇಳೆಗೆ ಶೇ. 11ರ ಸಮೀಪ ಬಂದರು. ಕಾರಣಗಳು ಹಲವಿರಬಹುದು, ಈ ಧೈರ್ಯವನ್ನು ಬಿಟ್ಟು ಅವುಗಳ ಲೆಕ್ಕ ಹಾಕಲಾಗದು.

ಗಣತಿಯ ವಿಧಾನ ಬದಲಾದ 2015ರಲ್ಲಿ ಆ ಅಂಕಿ ಶೇ. 7.9. ಅಷ್ಟು ಹೊತ್ತಿಗೆ ಆ ಚರ್ಚು ಶ್ರೀಮಂತವಾಗಿತ್ತು, ಹೊರದೇಶಗಳಿಗೆ ತಾನೇ ಪಾದ್ರಿಗಳನ್ನು ಕಳಿಸುತ್ತಿತ್ತು. ಹಣವೇ ಭಕ್ತರನ್ನು ತರುವುದಾದರೆ ಈ ಇಳಿತವೇಕೆ?

1960ರ ದಶಕದ ಮುಂಬಯಿಯಲ್ಲಿ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದಾಗಲೂ ನಮ್ಮವರ ದುಡಿಮೆ ಯಾರಿಗೂ ಕಾಣಲಿಲ್ಲ. ಕಂಡದ್ದು 'ಹೊರಗಿನವರ' ಹುನ್ನಾರ ಮಾತ್ರ. ಆ ಕಲ್ಲಿನ ಪೆಟ್ಟು ಬಲ್ಲ ಹೊರನಾಡ ಕನ್ನಡಿಗರೇ ಇನ್ನೊಬ್ಬರ ಬೆಳವಣಿಗೆಯನ್ನು ಕಂಡು ಅದೇ ಕಲ್ಲನ್ನು ಎತ್ತಿಕೊಳ್ಳುವುದು ಯಾವ ನ್ಯಾಯ?