ಒಪ್ಪಿಗೆಯ ಗುಂಡಿ

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ತಮ್ಮ ವಾಹನವನ್ನು ಬುಡದಲ್ಲೇ ಬಿಟ್ಟು ಸರ್ಕಾರಿ ಬಸ್ಸನ್ನೇರಬೇಕು. ಹತ್ತುವ ಮೊದಲೇ ನಿಯಮ ತಿಳಿಯುತ್ತದೆ. ಮೊಬೈಲಿಗೆ ತಂತ್ರಾಂಶ ಇಳಿಸಿಕೊಳ್ಳುವಾಗ ಹಾಗಲ್ಲ. ಇಂಗ್ಲಿಷಿನ ಪುಟಗಳನ್ನು ಓದದೆಯೇ 'ಒಪ್ಪಿದೆ' ಎಂದು ಒತ್ತಿಬಿಡುತ್ತೇವೆ.

ಓದಲಿಲ್ಲವೆಂದ ಮಾತ್ರಕ್ಕೆ ಕರಾರು ಸುಳ್ಳಾಗದು. ವಿದ್ಯುನ್ಮಾನ ರೂಪದ್ದೆಂಬ ಒಂದೇ ಕಾರಣಕ್ಕೆ ಅದು ಅಸಿಂಧುವಲ್ಲವೆಂದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 10ಎ ಕಲಮು ಹೇಳುತ್ತದೆ. ಅನ್ಯಾಯದ ಷರತ್ತನ್ನು ರದ್ದುಮಾಡುವ ಅಧಿಕಾರವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ರಾಜ್ಯ ಆಯೋಗಕ್ಕೆ ಕೊಟ್ಟಿದೆ, ನಿಜ. ಆದರೆ ಅಲ್ಲಿಯವರೆಗೆ ಹೋಗುವವರೆಷ್ಟು ಮಂದಿ?

ವೈಯಕ್ತಿಕ ಮಾಹಿತಿಗೆ ಒಪ್ಪಿಗೆ ಕೇಳುವವರು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲೂ ಕೇಳಬೇಕೆಂದು 2023ರ ಕಾಯಿದೆ ವಿಧಿಸಿದೆ. ಕನ್ನಡವೂ ಅವುಗಳಲ್ಲೊಂದು. ಪೂರ್ತಿ ಕರಾರಿಗೂ ಈ ನಿಯಮ ಬರಬೇಕೆಂಬುದೇ ನನ್ನ ವಾದ. ನಮ್ಮ ಮನೆಯಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ಅಪ್ಪನ ಮೊಬೈಲಿನಲ್ಲಿ ಗುಂಡಿ ಒತ್ತಿದವನೂ ನಾನೇ. ಹಾಗಾದರೆ ಒಪ್ಪಿದವರು ಯಾರು?