ತುಕ್ಕಲ್ಲ ಸ್ವಾಮಿ, ಗನ್ನು!

ಚಕ್ರದ ನಟ್ಟನ್ನು ಎಷ್ಟು ತಿರುಗಿಸಿದರೂ ಬಿಚ್ಚಿಕೊಳ್ತಿಲ್ಲ, ಜೊತೆಗೆ ಸ್ಟಡ್ಡೂ ಗಿರಗಿರ ತಿರುಗ್ತಿದೆ. ಇದಕ್ಕೆ ಟೈರ್ ಅಂಗಡಿಯವರ ಹತ್ತಿರ ಒಂದೇ ಉತ್ತರ: 'ಗಾಡಿ ಹಳೇದಾಯ್ತು ಸಾರ್, ತುಕ್ಕು ಹಿಡಿದಿದೆ.'

ನಾನು ಒಪ್ಪಲ್ಲ. ಮಂಗಳೂರಿನ ಉಪ್ಪುಗಾಳಿಯಲ್ಲಿ ತುಕ್ಕಿನ ಪಾಲೂ ಇರಬಹುದು. ಬೆಂಗಳೂರಲ್ಲಿ ಓಡಾಡುವ ಮೂರು ವರ್ಷದ ಕಾರಿಗೂ ಇದೇ ಕಥೆ ಹೇಳಿದರೆ ಹೇಗೆ?

ಸ್ಟಡ್ ಅಂದ್ರೆ ಹಬ್‌ನ ತೂತಿಗೆ ಹಿಂದಿನಿಂದ ಒತ್ತಿ ಕೂರಿಸಿದ ಬೋಲ್ಟು. ಅದರ ಕುತ್ತಿಗೆಯ ಸುತ್ತ ಇರುವ ಸಣ್ಣ ಹಲ್ಲುಗಳು ಹಬ್ಬನ್ನು ಕಚ್ಚಿ ಹಿಡಿದಿರುತ್ತವೆ. ನಟ್ಟು ಸೊಟ್ಟಗೆ ಕೂತರೆ ಕೈಗೆ ತಕ್ಷಣ ಗೊತ್ತಾಗುತ್ತೆ, ಗನ್ನಿಗೆ ಗೊತ್ತಾಗಲ್ಲ. ಅದು ಗರ್ರ್ ಅಂತ ಬಿಗಿಯುತ್ತಾ ಹೋಗುತ್ತೆ. ಥ್ರೆಡ್ ಕಚ್ಚಿಕೊಳ್ಳುತ್ತೆ, ಮುಂದಿನ ಸಲ ಬಿಚ್ಚುವಾಗ ಹಲ್ಲುಗಳು ಸವೆದು ಸ್ಟಡ್ಡೇ ತಿರುಗುತ್ತೆ.

ಬಹುಪಾಲು ಸಣ್ಣ ಕಾರುಗಳ ನಟ್ಟಿಗೆ ಬೇಕಾದ ಬಿಗಿ ಸುಮಾರು 85ರಿಂದ 130 ನ್ಯೂಟನ್ ಮೀಟರ್. ನಿಮ್ಮ ಕಾರಿನದ್ದು ಎಷ್ಟು ಅಂತ ಅದರ ಕೈಪಿಡಿಯಲ್ಲೇ ಇದೆ. ಅರ್ಧ ಇಂಚಿನ ಗನ್ನು 500 ದಾಟಬಲ್ಲದು.

ಹೋದ ವರ್ಷ ಹಾಸನದ ದಾರಿಯಲ್ಲಿ ನಮ್ಮ ಕಾರು ಪಂಕ್ಚರ್ ಆಯ್ತು. ಮೂರು ನಟ್ ಬಂದವು, ನಾಲ್ಕನೆಯದು ಸುಮ್ಮನೆ ತಿರುಗುತ್ತಲೇ ಇತ್ತು. ಅಂಗಡಿಯೊಂದರಲ್ಲಿ ಟೈರ್ ಬದಲಿಸಿ ತಿಂಗಳೂ ಆಗಿರಲಿಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ, ಪಕ್ಕದಲ್ಲಿ ಜಾಕ್, ಹಿಂದಿನ ಸೀಟಲ್ಲಿ ನಿದ್ದೆಗಣ್ಣಿನ ಮಗು. ಟೋ ಗಾಡಿ ಬರುವಷ್ಟರಲ್ಲಿ ಮಧ್ಯರಾತ್ರಿ.

ಇಂಥಾ ನಟ್ಟಿಗೆ ಮತ್ತೆ ಗನ್ ಹಿಡಿಯೋಕೆ ಬಿಡಬೇಡಿ, ಉಳಿದ ಹಲ್ಲೂ ಹೋಗುತ್ತೆ. ಕಾರನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬೇರೆ ನಟ್ಟುಗಳನ್ನು ತೆಗೆದು, ಚಕ್ರದ ಹಿಂದೆ ಸನಿಕೆ ಕೊಟ್ಟು ಹೊರಕ್ಕೆ ಮೀಟಬೇಕು. ಸ್ಟಡ್ಡಿನ ತಲೆ ಹಬ್‌ಗೆ ಬಿಗಿಯಾಗಿ ಒತ್ತಿಕೊಂಡಾಗ ಕೈಸ್ಪ್ಯಾನರ್‌ನಲ್ಲಿ ನಿಧಾನಕ್ಕೆ ತಿರುಗಿಸಬೇಕು. ಬರಲಿಲ್ಲವಾ? ನಟ್ಟನ್ನು ಸೀಳಿಯೋ ಕೊಯ್ದೋ ತೆಗೆದು ಹೊಸ ಸ್ಟಡ್ ಹಾಕಿಸಬೇಕು. ತೂತೇ ಸವೆದಿದ್ದರೆ ಹಬ್ಬನ್ನೂ ಬದಲಿಸಬೇಕು. ಇಷ್ಟಕ್ಕೂ ಬಿಲ್ ಯಾರ ಹೆಸರಿಗೆ? ನಿಮ್ಮದೇ.

ಗನ್ ಹಿಡಿದ ಹುಡುಗನನ್ನು ಬೈದು ಪ್ರಯೋಜನವಿಲ್ಲ, ಅವನ ಕೈಗೆ ಯಾರೂ ಟಾರ್ಕ್ ರೆಂಚ್ ಕೊಟ್ಟಿಲ್ಲ. ಏಸಿ ರೂಮು, ಕಾಫಿ ಮಷೀನು, 'ನೈಟ್ರೋಜನ್ ಹಾಕ್ಲಾ ಸಾರ್' ಎಲ್ಲಕ್ಕೂ ಮಾಲೀಕರ ಹತ್ತಿರ ದುಡ್ಡಿದೆ. ಒಂದು ಒಳ್ಳೇ ಟೈರಿನ ಬೆಲೆಗೆ ಬರುವ ಉಪಕರಣಕ್ಕೆ ಮಾತ್ರ ಇಲ್ಲ! ಯಾಕಂದ್ರೆ ಯಾರೂ ಕೇಳಲ್ಲ. ಫೋನಿಗೆ ಸ್ಕ್ರೀನ್‌ಗಾರ್ಡ್ ಅಂಟಿಸುವಾಗ ಗುಳ್ಳೆ ಬಂತಾ ಅಂತ ಬಗ್ಗಿ ನೋಡುವ ಜನ, ಚಕ್ರ ಬಿಗಿಯುವಾಗ ರೀಲ್ಸ್ ನೋಡ್ತಾ ಕೂತಿರ್ತಾರೆ.

ಮುಂದಿನ ಸಲ ಎದ್ದು ಹೋಗಿ ಪಕ್ಕದಲ್ಲಿ ನಿಲ್ಲಿ. 'ಮೊದಲು ಕೈಯಲ್ಲಿ ತಿರುಗಿಸಪ್ಪಾ, ಕೊನೆಗೆ ಟಾರ್ಕ್ ರೆಂಚಲ್ಲಿ ಬಿಗಿ ಮಾಡು' ಅನ್ನಿ. ರೆಂಚ್ ಇಲ್ಲ ಅಂದ್ರೆ, ಬೇರೆ ಅಂಗಡಿ ಹುಡುಕಿ.